ನೆಟಿಕೆ ಡಾಕ್ಟರ ಎಡಗೈ

ಅವರು ಸತ್ತರೆಂದು ಕೇಳಿದಾಗ ನನಗೆ ಅಳು ಬರಲಿಲ್ಲ, ಅನುಮಾನ ಬಂತು. ರಿಚರ್ಡ್ಸ್ ಟೌನಿನ ಆ ಮನೆಯ ಗೇಟಿನ ಮೇಲೆ ಬೋರ್ಡು ಕಾಣಲಿಲ್ಲವೆಂದು ಆಟೊ ನಿಲ್ಲಿಸಿ, ಮೂಲೆಯಲ್ಲಿ ತಳ್ಳುಗಾಡಿ ಇಟ್ಟುಕೊಂಡು ಬಟ್ಟೆ ಇಸ್ತ್ರಿ ಮಾಡುವ ಸೆಲ್ವಮಣಿಯನ್ನು ವಿಚಾರಿಸಿದೆ. "ಹೋಗ್ಬಿಟ್ರು ಮೇಡಂ, ದೀಪಾವಳಿ ಆದ್ಮೇಲೆ," ಎಂದ. ಎಲ್ಲಿಗೆ ಎಂದೆ. ಅವನು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಆಕಾಶದ ಕಡೆ ನೋಡಿದ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಆ ಮನುಷ್ಯ ಹಿಂದೆಯೂ ಬೋರ್ಡು ಇಳಿಸಿ, ಯಾರಿಗೂ ಒಂದು ಮಾತು ಹೇಳದೆ ಬೀಗ ಹಾಕಿಕೊಂಡು ಹೋಗಿ, ಒಂದಷ್ಟು ಕಾಲ ಕಳೆದು ಏನೂ ಆಗದವರ ಹಾಗೆ ಬಂದು ಬಾಗಿಲು ತೆಗೆದದ್ದುಂಟು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಆ ಬೀದಿಯವರಿಗೇ ಗೊತ್ತಾಗುವುದಿಲ್ಲ. ಬೋರ್ಡಿನಲ್ಲಿ ಹೆಸರಿನ ಕೆಳಗೆ ಕೈರೋಪ್ರಾಕ್ಟರ್ ಎಂದಿತ್ತು. ಆ ಪದಕ್ಕೆ ಯಾರ ನಾಲಿಗೆಯೂ ಹೊರಳುತ್ತಿರಲಿಲ್ಲ. ಕತ್ತು ಹಿಡಿದು ತಿರುಗಿಸಿದರೆ ಲಟಕ್ಕೆಂದು ನೆಟಿಕೆ ಬೀಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅವರು ನೆಟಿಕೆ ಡಾಕ್ಟರು. ಅವರು ಮಾತ್ರ, ನನ್ನನ್ನು ಡಾಕ್ಟರ್ ಅನ್ನಬೇಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನನಗೆ ಅದೂ ಅನುಮಾನವೇ. ನಿಜವಾದ ಡಾಕ್ಟರು ಯಾರಾದರೂ ಹಾಗೆ ಹೇಳಿಕೊಂಡು ತಿರುಗುತ್ತಾರೆಯೇ?

ಅನುಮಾನ ನಮ್ಮ ಮನೆತನದ ಆಸ್ತಿ. ಕೆ.ಆರ್. ಪುರದ ಆಚೆ ನಮ್ಮದು ಹಳೇ ಊರು. ಅಪ್ಪ ನಸುಕಿಗೇ ಸೊಪ್ಪು ತರಕಾರಿ ಹೇರಿಕೊಂಡು ರಸೆಲ್ ಮಾರುಕಟ್ಟೆಗೆ ಹೋಗುತ್ತಿದ್ದವನು. ತೂಗುವವನ ಮುಖ ನೋಡುತ್ತ ನಿಲ್ಲಬೇಡ, ಅವನ ಕೈ ನೋಡು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದ್ದ. ಮುಂದೆ ನಮ್ಮ ಹೊಲಗಳಿಗೆ ಬೆಲೆ ಬಂದು, ಬಿಳೀ ಪ್ಯಾಂಟಿನ ಬ್ರೋಕರುಗಳು ಅಣ್ಣಾ ಅಣ್ಣಾ ಎಂದು ಜಗಲಿ ಹತ್ತತೊಡಗಿದ ಮೇಲೆ ಅಪ್ಪನ ಪಾಠ ಇನ್ನೂ ಗಟ್ಟಿಯಾಯಿತು. ಚೆನ್ನಾಗಿ ಮಾತಾಡುವವರನ್ನು ಕಂಡರೆ ನಮ್ಮ ಮನೆಯಲ್ಲಿ ಕಾಫಿ ಕೊಡುತ್ತಿದ್ದೆವು, ನಂಬುತ್ತಿರಲಿಲ್ಲ.

ಇಂಥ ಮನೆಯ ಮಗಳಾದ ನಾನು ಅವರ ಬಾಗಿಲಿಗೆ ಹೋದದ್ದು ಬಲಗೈಯ ದೆಸೆಯಿಂದ. ಎರಡು ಸಾವಿರದ ಇಸವಿಯ ಆಚೀಚೆ ಇಂದಿರಾನಗರದ ಒಂದು ಆಫೀಸಿನಲ್ಲಿ ನನಗೆ ಕೆಲಸ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ ಟೈಪ್ ಮಾಡುವುದು. ದಿನವಿಡೀ ಬೆರಳು ಓಡುತ್ತಿರಬೇಕು. ಮೊದಮೊದಲು ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತಿದ್ದವು. ಆಮೇಲೆ ಮಲಗಿದಾಗ ಮಣಿಕಟ್ಟು ಉರಿಯುವುದು, ಎದ್ದು ಕೈ ಒದರಿದರೆ ತುಸು ಸಮಾಧಾನ. ಒಂದು ಸಂಜೆ ಮುದ್ದೆ ಕಟ್ಟುವಾಗ ಬಿಸಿ ಎಷ್ಟಿದೆಯೆಂದು ಬೆರಳಿಗೆ ತಿಳಿಯದೆ ಸುಟ್ಟುಕೊಂಡೆ. ಅಮ್ಮ ಬೈದಳು. ಆಗ ನಿಜಕ್ಕೂ ಹೆದರಿದೆ. ಬಲಗೈ ಹೋದರೆ ಕೆಲಸವೊಂದೇ ಅಲ್ಲ, ಜಡೆ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರ ಮುಂದೆ ಕೂರಬೇಕಾಗುತ್ತದೆ.

ಹಲಸೂರಿನ ಆಸ್ಪತ್ರೆಯ ಡಾಕ್ಟರು ನೋಡಿ, ಇದು ಕಾರ್ಪಲ್ ಟನಲ್, ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನರ ಸಿಕ್ಕಿಕೊಂಡಿದೆ ಎಂದರು. ಪಟ್ಟಿ ಕಟ್ಟಿಕೊಂಡು ಮಲಗಬೇಕು, ಬೇಗ ಮತ್ತೆ ಬಂದು ತೋರಿಸಬೇಕು, ಇಳಿಯದಿದ್ದರೆ ಸಣ್ಣ ಆಪರೇಷನ್. ಸಣ್ಣದು ಎಂದದ್ದೇ ತಡ ಅಪ್ಪನ ಹುಬ್ಬು ಮೇಲೇರಿತು. ಬಲಗೈಗೆ ಚಾಕು ಹಾಕಿಸುವುದು ಬೇಡವೇ ಬೇಡ ಎಂದು ಮನೆಯಲ್ಲಿ ತೀರ್ಪಾಯಿತು. ನನಗೂ ಒಳಗೊಳಗೇ ಅದೇ ಬೇಕಿತ್ತು. ಕಾರ್ಪಲ್ ಟನಲ್ ಎಂಬ ಪದವನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೆನೋ ಲೆಕ್ಕವಿಲ್ಲ, ಆದರೆ ಕಿವಿಯಲ್ಲಿ ಮಾತಾಡುವ ಡಾಕ್ಟರುಗಳ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದವರು ಆಪರೇಷನ್ ಕೆಟ್ಟವರೇ. ವಾಸಿಯಾದವರು ಯಾಕೆ ಬರುತ್ತಾರೆ ಎಂದು ಆಗ ನನಗೆ ಹೊಳೆಯಲಿಲ್ಲ.

ಪಕ್ಕದ ಸೀಟಿನ ರೆಹಾನಾ ಶಿವಾಜಿನಗರದವಳು. ಅವಳ ಅಮ್ಮನ ಬೆನ್ನು ಹಿಡಿದುಕೊಂಡಿದ್ದನ್ನು ಬಿಡಿಸಿದ್ದು ನೆಟಿಕೆ ಡಾಕ್ಟರಂತೆ. ಚಾಕು ಇಲ್ಲ, ಮಾತ್ರೆ ಇಲ್ಲ, ಹೋಗಿ ಬಾರೇ ಎಂದಳು. ಅಪ್ಪನಿಗೆ ಹೇಳಿದೆ. ಕತ್ತಿನ ನೆಟಿಕೆಯನ್ನು ಕ್ಷೌರದಂಗಡಿಯಲ್ಲಿ ಕಟಿಂಗಿನ ಜೊತೆ ಪುಕ್ಕಟೆ ತೆಗೆಯುತ್ತಾರೆ, ಅದಕ್ಕೆ ರಿಚರ್ಡ್ಸ್ ಟೌನಿಗೆ ಹೋಗಬೇಕೇ ಎಂದು ನಕ್ಕುಬಿಟ್ಟ. ನಗುತ್ತಲೇ ಒಪ್ಪಿದ.

ಹಳೆಯ ಮನೆಯ ಮುಂದಿನ ಕೋಣೆ. ಮುಖ ಇಡಲು ತೂತಿರುವ ಉದ್ದದ ಮೇಜು. ಕೊಕ್ಕೆಗೆ ನೇತುಹಾಕಿದ ಪ್ಲಾಸ್ಟಿಕ್ಕಿನ ಬೆನ್ನುಮೂಳೆ. ಕಿಟಕಿಯ ಪಕ್ಕದ ಮೊಳೆಗೆ ಹ್ಯಾಂಗರಿನಲ್ಲಿ ಒಂದು ಬಿಳೀ ತುಂಬುತೋಳಿನ ಅಂಗಿ, ಗರಿಗರಿ ಇಸ್ತ್ರಿಯದು. ಅವರು ಮಾತ್ರ ತಲೆಯಿಂದ ತೂರಿಸಿಕೊಳ್ಳುವ, ಗುಂಡಿಯೇ ಇಲ್ಲದ ಜುಬ್ಬಾ ತೊಟ್ಟಿದ್ದರು. ಸ್ವಾಮೀಜಿಯ ವೇಷ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ಐವತ್ತು ದಾಟಿದ ಮನುಷ್ಯ, ಒಬ್ಬರೇ ಇರುವವರು, ಮನೆಯಲ್ಲಿ ತಮಿಳು ಬೀದಿಯಲ್ಲಿ ಕನ್ನಡ ಎಂಬಂಥ ದಂಡು ಪ್ರದೇಶದ ಕನ್ನಡ. ಫ್ರೇಮು ಹಾಕಿಸಿದ ಸರ್ಟಿಫಿಕೇಟನ್ನು ಅಟ್ಟದ ಹತ್ತಿರ, ಯಾರ ಕಣ್ಣಿಗೂ ನಿಲುಕದಷ್ಟು ಎತ್ತರದಲ್ಲಿ ತೂಗುಹಾಕಿದ್ದರು. ಅವರು ಒಳಗೆ ಹೋದಾಗ ನಾನು ಬೆಂಚು ಹತ್ತಿ ಓದಿದೆ. ಕೇಳದ ದೇಶ, ಕೇಳದ ಊರು. ಸೈಬರ್ ಕೆಫೆಯಲ್ಲಿ ಹುಡುಕಿದರೆ ಆ ಊರು ಸಿಕ್ಕಿತು, ಕಾಲೇಜು ಸಿಗಲಿಲ್ಲ.

ಕೈ ನೋವೆಂದು ಹೋದವಳ ಕತ್ತು ಹಿಡಿದರು. ಕೈಗೆ ಬರುವ ನರ ಕತ್ತಿನಿಂದಲೇ ಹೊರಡುತ್ತದೆ, ನಲ್ಲಿಯಲ್ಲಿ ನೀರು ಬರದಿದ್ದರೆ ಮೇಲಿನ ಟ್ಯಾಂಕನ್ನೂ ನೋಡಬೇಕಲ್ಲವೇ ಎಂದರು. ಮಾತು ಚೆನ್ನಾಗಿತ್ತು. ಅದಕ್ಕೇ ಎಚ್ಚರವಾದೆ. ನೆಟಿಕೆ ಬಿತ್ತು, ಕಣ್ಣಿಗೆ ಕತ್ತಲೆ ಬಂದ ಹಾಗಾಗಿ ಆಮೇಲೆ ಹಗುರವೆನಿಸಿತು. ಮಣಿಕಟ್ಟನ್ನು ಎಡ ಅಂಗೈಯ ಬುಡದಲ್ಲಿ ಒತ್ತಿ, ಎಳೆದು, ಸಡಿಲಿಸಿದರು. ಕೊನೆಗೆ ಆ ಬಿಳೀ ಅಂಗಿಯನ್ನು ತಂದು ಮಡಿಲಲ್ಲಿಟ್ಟು, ಕಣ್ಣು ಮುಚ್ಚಿಕೊಂಡು ಗುಂಡಿ ಹಾಕಿ ಎಂದರು. ಹಾಕಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ಜಾದೂಗಾರರಿಗೂ ಇಂಥದ್ದೊಂದು ಐಟಂ ಇರುತ್ತದೆಂದು ನಾನು ಅಂದುಕೊಂಡೆ.

ಅಂದೇ ಕಂಡದ್ದು ಎಡಗೈ. ನೀರಿನ ಲೋಟ ಎಡಗೈಯಲ್ಲಿ ಕೊಟ್ಟರು. ನಾನು ತಡವರಿಸಿದೆ. ನಮ್ಮ ಕಡೆ ಭಿಕ್ಷೆಯನ್ನೂ ಎಡಗೈಯಲ್ಲಿ ಹಾಕುವುದಿಲ್ಲ. ಫಾರಿನ್ನಿನಲ್ಲಿ ಕಲಿತು ಬಂದ ಧಿಮಾಕು ಎಂದು ಕಾಯುವ ಬೆಂಚಿನಲ್ಲಿ ಕೂತವರು ಪಿಸುಗುಟ್ಟುತ್ತಿದ್ದರು. ಚೀಟಿಯನ್ನೂ ಅವರು ಬರೆಯುತ್ತಿರಲಿಲ್ಲ. ಮುಂದಿನ ಸಲ ಯಾವಾಗ ಬರಬೇಕೆಂದು ಹೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ನೀವೇ ಹೆಸರು ಬರೆದುಕೊಳ್ಳಿ ಎನ್ನುತ್ತಿದ್ದರು. ತಮ್ಮ ಕೈಬರಹ ಎಲ್ಲೂ ಬಿಟ್ಟುಕೊಡದ ಬ್ರೋಕರುಗಳನ್ನು ಕಂಡ ನಮ್ಮ ಮನೆಗೆ ಇಷ್ಟು ಸಾಕಿತ್ತು. ನಾನು ಅವರ ಎಡಗೈಯ ಮೇಲೆ ಕಣ್ಣಿಟ್ಟೆ. ಅದು ಏನನ್ನು ಮುಟ್ಟುತ್ತದೆ, ಎಲ್ಲಿ ಒತ್ತುತ್ತದೆ, ಒಂದನ್ನೂ ಬಿಡದೆ ನೋಡಿದೆ. ಬಲಗೈ ಬಹಳ ಹೊತ್ತು ಜುಬ್ಬಾದ ಜೇಬಿನಲ್ಲಿರುತ್ತಿತ್ತು.

ಹಾಗಾದರೆ ಯಾಕೆ ಹೋಗುತ್ತಿದ್ದೆ ಎಂದು ಕೇಳಬಹುದು. ಹೋದ ದಿನ ಹಾಯೆನಿಸುತ್ತಿತ್ತು. ಅಲ್ಲದೆ ಅವರ ಹತ್ತಿರ ಕೂರುವುದು ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಬಂದವರೆಲ್ಲರನ್ನೂ ಮೊದಲು ಕೇಳುತ್ತಿದ್ದುದು ನೋವು ಎಲ್ಲಿ ಎಂದಲ್ಲ, ಇವತ್ತು ಯಾವ ಕೆಲಸ ಮಾಡೋಕಾಗಲಿಲ್ಲ ಎಂದು. ಮರ್ಫಿ ಟೌನಿನ ಮುನಿಯಮ್ಮಜ್ಜಿ ಸೊಂಟಕ್ಕೆಂದು ಬರುತ್ತಿದ್ದಳು. ಬಾವಿಕಟ್ಟೆಯ ಕಾಲದಿಂದ ಶುರುಮಾಡಿ ಸೊಸೆಯವರೆಗೆ ಅವಳು ಹೇಳುವುದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಮಳೆ ಬಂದರೆ ಬೆಂಚಿನವರನ್ನೆಲ್ಲ ಒಳಗೆ ಕರೆದು ಟೀ ಮಾಡಿಸುತ್ತಿದ್ದರು. ಲೋಟಕ್ಕೆ ಬಗ್ಗಿಸಿಕೊಳ್ಳುವ ಕೆಲಸ ನಮ್ಮದು. ಯಾರೋ ತಮಾಷೆಗೆ, ಡಾಕ್ಟರು ನಮ್ಮ ಕೈಯಲ್ಲೇ ಕೆಲಸ ಮಾಡಿಸ್ತಾರೆ ಎಂದರೆ ಅವರೂ ನಗುತ್ತಿದ್ದರು.

ಶ್ರಾವಣದ ಹೊತ್ತಿಗೆ ನನ್ನ ಉರಿ ಇಳಿಯಿತು. ನಿದ್ದೆ ಬರತೊಡಗಿತು. ಆಸ್ಪತ್ರೆಗೆ ಮತ್ತೆ ತೋರಿಸುವುದನ್ನು ಬಿಟ್ಟೇಬಿಟ್ಟಿದ್ದೆ. ಅನುಮಾನಪಟ್ಟವಳೇ ಹೋಗಿ, ನೋವಿಲ್ಲ ಎಂದು ಹಲ್ಲುಕಿರಿದು ಹೇಳಿದೆ. ಅವರ ಮುಖ ಅರಳಿತು. ಬಿಳೀ ಅಂಗಿ ಮಡಿಲಿಗೆ ಬಂತು. ಕಣ್ಣು ಮುಚ್ಚಿ ಗುಂಡಿ ಹುಡುಕಿದೆ. ಸಿಕ್ಕಿದ್ದು ಜಾರಿತು, ಮತ್ತೆ ಹಿಡಿದೆ. ಕಣ್ಣು ತೆರೆದಾಗ ಅವರು ಕಿಟಕಿಯ ಕಡೆ ನೋಡುತ್ತಿದ್ದರು. ಮುಂದಿನ ಸಲ ಗುಂಡಿ ಹಾಕುವುದು ಇನ್ನೂ ತಡವಾಯಿತು. ಆಗಲೂ ಏನೂ ಹೇಳಲಿಲ್ಲ.

ಆಯುಧಪೂಜೆಗೆ ಎಲ್ಲರನ್ನೂ ಕರೆದಿದ್ದರು. ಹೊರಗೆ ಆಟೊಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ಒಳಗೆ ಮೇಜಿಗೆ ಅರಿಶಿನ ಕುಂಕುಮ, ಪ್ಲಾಸ್ಟಿಕ್ಕಿನ ಬೆನ್ನುಮೂಳೆಗೆ ಚೆಂಡುಹೂವಿನ ಹಾರ, ಒಂದೊಂದು ಮಣಿಗೂ ಒಂದೊಂದು ಬೊಟ್ಟು. ನೋಡಿ ನಗು ತಡೆಯಲಾಗಲಿಲ್ಲ. ಕರ್ಪೂರ ಹಚ್ಚಲು ನನಗೇ ಬೆಂಕಿಪೊಟ್ಟಣ ಕೊಟ್ಟರು. ಮಂಗಳಾರತಿಯಾದ ಮೇಲೆ ಕಡ್ಲೆಪುರಿ, ಬಾಳೆಹಣ್ಣು, ಎಲೆ ಅಡಿಕೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಎಲ್ಲರೂ ತಗೊಳ್ಳಿ ಎಂದರು. ಮುನಿಯಮ್ಮಜ್ಜಿ ಕದಲಲಿಲ್ಲ. ಪ್ರಸಾದವನ್ನು ತಾನಾಗಿ ಎತ್ತಿಕೊಳ್ಳುವವಳಲ್ಲ ಅವಳು. ಸೆರಗೊಡ್ಡಿ ನಿಂತಳು. ಅವರು ಅಭ್ಯಾಸದಂತೆ ಎಡಗೈಯಲ್ಲಿ ಎಲೆ ಹಣ್ಣು ಎತ್ತಿದರು.

"ಎಡಗೈನಾಗೆ ಈಸ್ಕೊಳ್ಳಾಕಿಲ್ಲಪ್ಪ ನಾನು," ಎಂದಳು ಅಜ್ಜಿ. "ವರ್ಸಕ್ಕೊಂದಿನ ಹಬ್ಬ. ಬಲಗೈನಾಗೆ ಕೊಡು."

ಧಿಮಾಕು ಎಂದು ಪಿಸುಗುಟ್ಟಿದವರೆಲ್ಲ ಈಗ ನೋಡೋಣ ಎಂಬಂತೆ ನಿಂತಿದ್ದರು. ಅವರು ಒಂದು ಗಳಿಗೆ ಹಿಂಜರಿದು ಬಲಗೈಯನ್ನು ಜೇಬಿನಿಂದ ತೆಗೆದು, ಎಲೆಯನ್ನೂ ಹಣ್ಣನ್ನೂ ಎತ್ತಿ, ಅಜ್ಜಿಯ ಸೆರಗಿನವರೆಗೆ ತಂದರು. ಅಷ್ಟರಲ್ಲೇ ಹಣ್ಣು ಜಾರಿ ನೆಲಕ್ಕೆ ಬಿತ್ತು. ಎಲೆ ಹಿಂದೆಯೇ ಬಿತ್ತು. ಅಜ್ಜಿ, ಅಯ್ಯೋ ಎಂದು ಬಗ್ಗಿದಳು. ನಾನು ಬಗ್ಗಲಿಲ್ಲ. ಬರೀ ಅಂಗೈ ದೀಪದ ಬೆಳಕಿನಲ್ಲಿ ತೆರೆದುಕೊಂಡು ನಿಂತಿತ್ತು. ಹೆಬ್ಬೆರಳ ಬುಡದಲ್ಲಿ ಎಲ್ಲರಿಗೂ ಇರುವ ಮಾಂಸದ ದಿಂಡು ಅಲ್ಲಿರಲಿಲ್ಲ. ಆ ಜಾಗ ಒಳಕ್ಕೆ ಕುಸಿದು ಮೂಳೆ ಎದ್ದಿತ್ತು.

ಅದರ ಹೆಸರು ನನಗೆ ಗೊತ್ತಿತ್ತು. ಥೀನಾರ್ ವೇಸ್ಟಿಂಗ್. ನರ ಬಹುಕಾಲ ಸಿಕ್ಕಿಕೊಂಡು ಹೆಬ್ಬೆರಳ ಮಾಂಸ ಕರಗಿಹೋಗುವುದು. ಕಿವಿಯಲ್ಲಿ ಡಾಕ್ಟರುಗಳು ಅದನ್ನು ಎಷ್ಟು ಹೇಳುತ್ತಿದ್ದರೆಂದರೆ, ಮೂರು ಅಕ್ಷರ ಒತ್ತಿದರೆ ಇಡೀ ಪದ ತಾನಾಗಿ ಬೀಳುವ ಹಾಗೆ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

ಎಲ್ಲರೂ ಹೋಗುವವರೆಗೆ ಕೂತಿದ್ದೆ. ಆಮೇಲೆ ಆ ಕೈ ತೋರಿಸಿ ಎಂದೆ. ತೋರಿಸಿದರು. ಪಕ್ಕದಲ್ಲಿ ನನ್ನ ಅಂಗೈ ಇಟ್ಟೆ. ಅವರದು ಹಳ್ಳ. ನನ್ನದು ಇನ್ನೂ ಹಳ್ಳವಾಗಿರಲಿಲ್ಲ, ಆದರೆ ನನ್ನ ಎಡಗೈಯಷ್ಟು ತುಂಬಿಕೊಂಡೂ ಇರಲಿಲ್ಲ.

"ನನ್ನ ಕೈ ಹೀಗಾಗ್ತಿದೆ ಅಂತ ನಿಮ್ಗೆ ಯಾವಾಗಿಂದ ಗೊತ್ತು?"

"ಶ್ರಾವಣದಿಂದ ಅನುಮಾನ ಇತ್ತು. ಗುಂಡಿ ಹಾಕೋವಾಗ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ಬಲಗೈಯನ್ನು ಮತ್ತೆ ಜೇಬಿಗೆ ಸೇರಿಸಿದರು. "ನೀವು ನೋವಿಲ್ಲ ಅಂದ್ರಲ್ಲ, ನಂಗೂ ಖುಷಿ ಆಗ್ಬಿಡ್ತು. ನನ್ನ ಕೈಗೆ ಆಗ್ದೇ ಇದ್ದಿದ್ದು ನಿಮ್ಮ ಕೈಗಾದ್ರೂ ಆಯ್ತು ಅಂತ. ಒಂದು ಕೈ ಚಾಕು ಇಲ್ದೆ ಸರಿಹೋದ್ರೆ ಇಷ್ಟು ವರ್ಷ ನಾನು ಮಾಡಿದ್ದು ಸುಳ್ಳಲ್ಲ ಅನ್ಸೋದು." ಆಮೇಲೆ ನನ್ನ ಮುಖ ನೋಡಿ ಹೇಳಿದರು, "ಹಿಂದೆ ನಂಗೂ ಹೀಗೇ ನೋವು ಹೋಯ್ತು. ನಂಬಿ ಕೂತೆ. ಹೋಗಿದ್ದು ನೋವಲ್ಲಮ್ಮ, ನರ. ನೀವು ನಾಳೆನೇ ಆಸ್ಪತ್ರೆಗೆ ಹೋಗಿ. ಕೈಗೆ ಅಂತ ಇಲ್ಲಿಗೆ ಇನ್ನು ಬರಬೇಡಿ."

ನನಗೆ ಕೋಪ ನೆತ್ತಿಗೇರಿತು. ಇನ್ನೊಬ್ಬರ ಕೈಯಲ್ಲಿ ತನ್ನ ನಂಬಿಕೆಯನ್ನು ಪರೀಕ್ಷೆಗೆ ಇಟ್ಟಿದ್ದ ಮನುಷ್ಯ. ಏನೇನೋ ಅಂದೆ. ಬಾಗಿಲ ಹತ್ತಿರ ಬಂದಾಗ ಅವರು ಕಡ್ಲೆಪುರಿಯ ಪೊಟ್ಟಣವನ್ನು ಎಡಗೈಯಲ್ಲೇ ಕೊಟ್ಟರು. ತೆಗೆದುಕೊಂಡೆ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಕಳ್ಳ ಅಂತ ನಾನು ಆವತ್ತೇ ಹೇಳಿದ್ದೆ ಎನ್ನುತ್ತಾನೆಂದು ಕಾದೆ. ಅಪ್ಪ ಮಾತ್ರ, ಮಾರುಕಟ್ಟೆಯಲ್ಲಿ ಅಷ್ಟು ವರ್ಷ ಕೂತಿದ್ದೀನಿ, ಬಂದ ಗಿರಾಕಿಗೆ ನನ್ನ ಹತ್ರ ತಗೋಬೇಡ ಅಂತ ಹೇಳೋ ವ್ಯಾಪಾರಿಯನ್ನು ನೋಡಿಲ್ಲ ಎಂದ. ಹಾಗೆ ಹೇಳುವವನು ಆ ಒಂದು ಮಾತು ಮಾತ್ರ ಸುಳ್ಳು ಹೇಳುತ್ತಿರಲಾರ ಎಂದು ಅವನ ಲೆಕ್ಕ. ಮರುದಿನ ಹಬ್ಬದ ರಜೆಯಿದ್ದರೂ ನನ್ನನ್ನು ಕರೆದುಕೊಂಡು ಹಲಸೂರಿಗೆ ಹೋಗಿ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತ. ಇನ್ನೂ ತಡಮಾಡಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆಪರೇಷನ್ ಆಯಿತು. ಕೈ ಮುಕ್ಕಾಲು ಪಾಲು ಬಂತು. ಹೆಬ್ಬೆರಳ ತುದಿ ಇವತ್ತಿಗೂ ಸ್ವಲ್ಪ ಮಂಕು.

ಅಷ್ಟಾದರೂ ನನ್ನ ಅನುಮಾನ ತೀರಲಿಲ್ಲ. ನನ್ನನ್ನು ಕಳಿಸಿದ್ದು ಪ್ರಾಮಾಣಿಕತೆಯೋ, ಎಲ್ಲರೆದುರು ಹಣ್ಣು ಬಿದ್ದ ಅವಮಾನವೋ? ಆ ಹಣ್ಣು ಬೀಳದಿದ್ದರೆ ಸಂಕ್ರಾಂತಿಯವರೆಗೂ ನೆಟಿಕೆ ತೆಗೆಯುತ್ತಿದ್ದರೇನೋ. ಆಫೀಸಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳಿಗೆ ಬೆರಳು ಜೋಮು ಹಿಡಿಯತೊಡಗಿದಾಗ, ನನ್ನ ಹೆಸರು ಹೇಳಬೇಡ ಎಂದು ಅವಳನ್ನು ಅಲ್ಲಿಗೆ ಕಳಿಸಿ ನೋಡಿದೆ. ಕೈ ಮುಟ್ಟದೆ ಆಸ್ಪತ್ರೆಗೆ ಕಳಿಸಿದರಂತೆ. ಬೆನ್ನು, ಸೊಂಟ ಮಾತ್ರ ನೋಡುತ್ತೇನೆ ಎಂದರಂತೆ. ರೆಹಾನಾಳ ಅಮ್ಮ ಈಗಲೂ ಬಿಂದಿಗೆ ಹೊತ್ತುಕೊಂಡು ಓಡಾಡುತ್ತಾರೆ, ಅದನ್ನೂ ಅಲ್ಲಗಳೆಯಲಾರೆ. ಅವರು ಡಾಕ್ಟರೋ ಅಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಕೋಪ ಆರಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಮಣಿಕಟ್ಟಿನ ಗೆರೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಚೆನ್ನಾಗಿ ಹೊಲಿದಿದ್ದಾರೆ ಎಂದರು. ತಾವೇ ಎದ್ದು ಬಿಳೀ ಅಂಗಿ ತಂದರು. ಕಣ್ಣು ಮುಚ್ಚಿ ಕೊರಳಿನಿಂದ ಕೆಳಗಿನವರೆಗೆ ಒಂದೂ ಜಾರದ ಹಾಗೆ ಗುಂಡಿ ಹಾಕಿದೆ. ಕಣ್ಣು ತೆರೆದರೆ ಅವರ ಕಣ್ಣಲ್ಲಿ ನೀರು. ಯಾರ ಅಂಗಿ ಇದು ಎಂದು ಕೇಳಿದ್ದು ಆಗಲೇ. ತಮ್ಮದೇ ಎಂದರು. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಆಸೆಪಟ್ಟು ಹೊಲಿಸಿದ್ದು, ಕೈ ಹೋದ ಮೇಲೆ ತೊಡಲಾಗದೆ ಮೊಳೆಗೆ ಬಂತು. ಒಬ್ಬರೇ ಇರುವ ಮನೆ, ದಿನಾ ಗುಂಡಿ ಹಾಕಿ ಎಂದು ಯಾರನ್ನು ಕರೆಯುವುದು? ಬರೆಯದ ಕೈಯೂ ಜುಬ್ಬಾವೂ ನಾವು ಬಗ್ಗಿಸಿಕೊಳ್ಳುತ್ತಿದ್ದ ಟೀಯೂ ಆಗ ನನಗೆ ಅರ್ಥವಾದವು. ತೂಗುವವನ ಕೈ ನೋಡು ಎಂದು ಅಪ್ಪ ಕಲಿಸಿದ್ದ. ನಾನು ಕೊಡುವ ಕೈಯನ್ನಷ್ಟೇ ನೋಡಿದ್ದೆ, ಜೇಬಿನಲ್ಲಿದ್ದದ್ದನ್ನಲ್ಲ.

"ಈಗ ಹಾಕ್ಕೊಳ್ಳಿ, ಗುಂಡಿ ನಾನು ಹಾಕ್ತೀನಿ," ಎಂದೆ.

ಅವರು ನಕ್ಕರು. "ಬೇಡಮ್ಮ. ಬಿಚ್ಚೋರು ಯಾರು?"

ಅಂಗಿ ಮೊಳೆಗೆ ಹೋಯಿತು. ನಾನು ಅವರನ್ನು ಕೊನೆಯದಾಗಿ ಕಂಡದ್ದು ಅಂದೇ. ಆಮೇಲೆ ನನ್ನ ಆಫೀಸು ಬದಲಾಯಿತು, ಮದುವೆಯಾಯಿತು, ಆ ಕಡೆಯ ದಾರಿ ತಪ್ಪಿತು.

ಮೊನ್ನೆ ಸೆಲ್ವಮಣಿಯ ಗಾಡಿಯ ಮುಂದೆ ನಿಂತು ನಾನು ಇನ್ನೂ ಕೆದಕುತ್ತಲೇ ಇದ್ದೆ. ನೀನು ಕಣ್ಣಾರೆ ನೋಡಿದೆಯಾ ಎಂದೆ. ಕಲ್ಪಳ್ಳಿಯ ಸ್ಮಶಾನದವರೆಗೆ ಹೋಗಿದ್ದೆ ಎಂದ. ನೆಂಟರು ಯಾರೋ ಬಂದಿದ್ದರಂತೆ, ಏನು ಉಡಿಸಬೇಕೆಂದು ಅವರಿಗೆ ತಿಳಿಯಲಿಲ್ಲವಂತೆ.

"ಆ ಬಿಳೀ ಅಂಗಿ ಇತ್ತಲ್ಲ ಮೇಡಂ, ವಾರವಾರ ಇಸ್ತ್ರಿಗೆ ಕೊಡೋರು, ಒಂದಿನ ಹಾಕ್ಕೊಂಡೋರಲ್ಲ. ಅದನ್ನೇ ಕೊಡಿ ಅಂದೆ. ನಾನೇ ಇಸ್ತ್ರಿ ಮಾಡ್ದೆ, ನಾನೇ ತೊಡಿಸ್ದೆ."

"ಗುಂಡಿ?"

"ಎಲ್ಲಾ ಹಾಕ್ದೆ ಮೇಡಂ. ತೋಳಿಂದೂ."

ಆಗ ನಂಬಿದೆ, ಅವರು ಸತ್ತಿದ್ದಾರೆಂದು. ಆಟೊದಲ್ಲಿ ಕೂತು ಅತ್ತೆ.